ಮೂಡುಬಿದಿರೆಯ ಓಲೆಗಳು: ದರ್ಶನದಿಂದ ಓದಿನವರೆಗೆ

ನಿಮ್ಮಲ್ಲಿ ಅನೇಕರು ಮೂಡುಬಿದಿರೆಗೆ ಹೋಗಿ ಬಂದಿರುತ್ತೀರಿ. ಹೋದವರು ಸಾವಿರ ಕಂಬದ ಬಸದಿಯನ್ನು ನೋಡಿಯೇ ಬಂದಿರುತ್ತೀರಿ. ಎರಡನೆಯ ದೇವರಾಯನ ಆಳ್ವಿಕೆಯಲ್ಲಿ, 1430ರ ಸುಮಾರಿಗೆ ಎದ್ದ ಆ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎಂದು ಅಲ್ಲಿಯವರು ಹೆಮ್ಮೆಯಿಂದ ತೋರಿಸುತ್ತಾರೆ. ಆದರೆ ಹದಿನೆಂಟು ಬಸದಿಗಳ ಆ ಊರಿನಲ್ಲಿ ಗುರುಬಸದಿಯ ಬಾಗಿಲಿನವರೆಗೆ ನಡೆದು ಹೋದವರು ಕಡಿಮೆ. ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಇನ್ನೊಂದು ಹೆಸರಿದೆ. ಒಳಗೆ ಕಾಪಾಡಿಕೊಂಡು ಬಂದ ಸಿದ್ಧಾಂತ ಗ್ರಂಥಗಳಿಂದ ಬಂದ ಹೆಸರು ಅದು. ಪುಸ್ತಕದಿಂದ ಹೆಸರು ಪಡೆದ ದೇವಾಲಯಗಳು ನಮ್ಮ ನಾಡಿನಲ್ಲಿ ಹೆಚ್ಚಿಲ್ಲ. ಆ ಗ್ರಂಥಗಳ ಬಗ್ಗೆ, ಮತ್ತು ಅವು ಬಸದಿಯ ಒಳಗಿನಿಂದ ಓದುಗರ ಮೇಜಿಗೆ ಬರಲು ಹಿಡಿದ ದೀರ್ಘವಾದ ದಾರಿಯ ಬಗ್ಗೆ ಇವತ್ತು ಮಾತನಾಡಬೇಕೆಂದಿದ್ದೇನೆ.

ಯಾತ್ರಿಕರಿಗೆ ಅಲ್ಲಿ ದೊರೆಯುವುದನ್ನು ‘ಸಿದ್ಧಾಂತ ದರ್ಶನ’ ಎನ್ನುತ್ತಾರೆ. ರತ್ನಗಳಲ್ಲಿ ಕಡೆದ ಜಿನಬಿಂಬಗಳೂ ಈ ಓಲೆಗಳೂ ಆ ಒಂದೇ ದರ್ಶನಕ್ಕೆ ಸೇರಿದವು. ದರ್ಶನ ಎಂಬ ಮಾತನ್ನು ಗಮನಿಸಿ. ಶತಮಾನಗಳ ಕಾಲ ಜನರಿಗೂ ಈ ಗ್ರಂಥಗಳಿಗೂ ಇದ್ದ ಸಂಬಂಧ ಅದು: ದೂರದಿಂದ ಕಂಡು ಕೈಮುಗಿಯುವುದು. ಆ ಭಕ್ತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕರಾವಳಿಯ ನಾಲ್ಕು ತಿಂಗಳ ಮಳೆ, ಗೆದ್ದಲು, ಅರಸೊತ್ತಿಗೆಗಳ ಏಳುಬೀಳು ಇವೆಲ್ಲವನ್ನೂ ದಾಟಿ ಒಂಬತ್ತು ಶತಮಾನದ ಹಿಂದಿನ ಓಲೆ ಇಂದಿಗೂ ಕೈಗೆ ಸಿಗುತ್ತಿದ್ದರೆ ಅದಕ್ಕೆ ಕಾರಣ ಆ ಭಕ್ತಿಯೇ. ಆದರೂ ಗ್ರಂಥ ಎನ್ನುವುದು ಓದಿಗಾಗಿ ಹುಟ್ಟಿದ ವಸ್ತು. ಕಾಯುವುದು ಮತ್ತು ಓದುವುದು ಒಂದಕ್ಕೊಂದು ವಿರೋಧವೆಂದು ನಾವು ಬಹಳ ಸಲ ಭಾವಿಸುತ್ತೇವೆ. ಮೂಡುಬಿದಿರೆಯ ಓಲೆಗಳ ಕಥೆಯನ್ನು ಪೂರ್ತಿ ಕೇಳಿದರೆ ಆ ಭಾವನೆ ಉಳಿಯುವುದಿಲ್ಲ ಎಂಬುದು ನನ್ನ ನಂಬಿಕೆ.

ಮೊದಲು ಗ್ರಂಥಗಳ ಪರಿಚಯ ಮಾಡಿಕೊಡುತ್ತೇನೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ಮೂರು ಹೆಸರುಗಳನ್ನು ನೀವು ಕೇಳಿರಬಹುದು. ದಿಗಂಬರ ಜೈನ ಪರಂಪರೆಯ ಅತ್ಯಂತ ಪ್ರಾಚೀನವಾದ ಆಗಮ ಷಟ್ಖಂಡಾಗಮ. ಹೆಸರೇ ಹೇಳುವಂತೆ ಅದಕ್ಕೆ ಆರು ಖಂಡಗಳು. ಮೊದಲ ಐದು ಖಂಡಗಳಿಗೆ ವೀರಸೇನಾಚಾರ್ಯರು ಬರೆದ ಟೀಕೆ, ಎಂದರೆ ವ್ಯಾಖ್ಯಾನವೇ, ಧವಲಾ. ಪರಂಪರೆಯ ಎಣಿಕೆಯಲ್ಲಿ ಅದರ ಗಾತ್ರ 72,000 ಶ್ಲೋಕಗಳಷ್ಟು. ಆರನೆಯ ಖಂಡವಾದ ಮಹಾಬಂಧ ತಾನೇ ವಿಸ್ತಾರವಾಗಿದೆ. ಅದನ್ನೇ ರೂಢಿಯಲ್ಲಿ ಮಹಾಧವಲಾ ಎನ್ನುತ್ತಾರೆ. ಗುಣಧರಾಚಾರ್ಯರ ಕಷಾಯಪ್ರಾಭೃತಕ್ಕೆ ಬರೆದ ಟೀಕೆ ಜಯಧವಲಾ. ಅದನ್ನು ಆರಂಭಿಸಿದವರು ವೀರಸೇನರು. ಅವರು 20,000 ಶ್ಲೋಕಗಳಷ್ಟು ಬರೆದು ತೀರಿಕೊಂಡ ಮೇಲೆ ಶಿಷ್ಯರಾದ ಜಿನಸೇನರು ಇನ್ನೂ 40,000 ಶ್ಲೋಕಗಳಷ್ಟು ಬರೆದು 837ರಲ್ಲಿ ಮುಗಿಸಿದರು. ಈ ಜಿನಸೇನರೇ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಗುರುಗಳು. ಕವಿರಾಜಮಾರ್ಗ ಹುಟ್ಟಿದ ಆಸ್ಥಾನಕ್ಕೂ ಜಯಧವಲೆ ಮುಗಿದ ಕಾಲಕ್ಕೂ ಇರುವ ನಂಟು ಇದು. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ; ಲಿಪಿ ಹಳೆಯ ಕನ್ನಡ.

ಈ ಆಗಮ ಹುಟ್ಟಿದ ಬಗೆಯನ್ನು ವೀರಸೇನರೇ ಧವಲೆಯ ಆರಂಭದಲ್ಲಿ ಹೇಳುತ್ತಾರೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಮುಂದಿನ ಮಾತೆಲ್ಲ ಅದನ್ನು ಹಿಡಿದುಕೊಂಡೇ ಸಾಗುತ್ತದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ ವಯಸ್ಸಾಗಿತ್ತು. ತಮಗೆ ಬಾಯಿಪಾಠವಾಗಿ ಬಂದ ಶ್ರುತ ತಮ್ಮೊಂದಿಗೇ ಅಳಿದುಹೋದೀತು ಎಂಬ ಅಂಜಿಕೆಯಿಂದ ಅವರು ದಕ್ಷಿಣಾಪಥದ ಮುನಿಸಂಘಕ್ಕೆ ಓಲೆ ಬರೆದು ಕಳುಹಿಸಿದರು. ಸಂಘ ಇಬ್ಬರು ಸಮರ್ಥ ಮುನಿಗಳನ್ನು ಕಳುಹಿಸಿತು. ಬಂದವರಿಗೆ ಧರಸೇನರು ಕೂಡಲೇ ಪಾಠ ಹೇಳಲಿಲ್ಲ. ಒಂದೊಂದು ಮಂತ್ರವನ್ನು ಕೊಟ್ಟು, ಉಪವಾಸವಿದ್ದು ಸಾಧಿಸಿ ಬನ್ನಿ ಎಂದರು. ಒಬ್ಬರಿಗೆ ಕೊಟ್ಟ ಮಂತ್ರದಲ್ಲಿ ಒಂದು ಅಕ್ಷರ ಹೆಚ್ಚಿತ್ತು, ಇನ್ನೊಬ್ಬರದರಲ್ಲಿ ಒಂದು ಅಕ್ಷರ ಕಡಿಮೆಯಿತ್ತು. ಮಂತ್ರ ಸಿದ್ಧಿಸಿದಾಗ ಒಬ್ಬರಿಗೆ ಕಾಣಿಸಿದ ದೇವತೆಗೆ ಹಲ್ಲು ಉಬ್ಬಿತ್ತು, ಇನ್ನೊಬ್ಬರ ದೇವತೆಗೆ ಒಂದೇ ಕಣ್ಣಿತ್ತು. ದೇವತೆಗಳ ಸ್ವರೂಪ ಹೀಗಿರಲಾರದು ಎಂದು ಇಬ್ಬರೂ ಯೋಚಿಸಿ, ಮಂತ್ರವ್ಯಾಕರಣದ ಬಲದಿಂದ ಹೆಚ್ಚಿನ ಅಕ್ಷರವನ್ನು ತೆಗೆದು, ಕಡಿಮೆಯಿದ್ದ ಅಕ್ಷರವನ್ನು ಸೇರಿಸಿ ಮತ್ತೆ ಜಪಿಸಿದರು. ದೇವತೆಗಳು ತಮ್ಮ ನಿಜರೂಪದಲ್ಲಿ ಕಾಣಿಸಿಕೊಂಡರು. ಆ ಮೇಲೆಯೇ ಧರಸೇನರು ಪಾಠವನ್ನು ಆರಂಭಿಸಿದ್ದು. ಆ ಇಬ್ಬರೇ ಪುಷ್ಪದಂತ ಮತ್ತು ಭೂತಬಲಿ ಎಂದು ಪ್ರಸಿದ್ಧರಾದ ಆಚಾರ್ಯರು.

ಗ್ರಂಥಸಂಪಾದನೆಯನ್ನು ಕಲಿಸುವವನು ನಾನು. ತರಗತಿಯ ಮೊದಲ ದಿನ ವಿದ್ಯಾರ್ಥಿಗಳಿಗೆ ಈ ಕಥೆಯನ್ನೇ ಹೇಳುತ್ತೇನೆ. ಹೀನಾಕ್ಷರ, ಅಧಿಕಾಕ್ಷರ ಎಂಬುವು ಪ್ರತಿ ಮಾಡುವವರ ಕೈಯಲ್ಲಿ ಇಂದಿಗೂ ಆಗುವ ತಪ್ಪುಗಳು. ತಪ್ಪಾದ ಪಾಠದಿಂದ ಒಕ್ಕಣ್ಣಿನ ದೇವತೆ ಎದ್ದು ಬರುತ್ತಾಳೆ ಎಂಬುದಕ್ಕಿಂತ ಚೆನ್ನಾಗಿ ಪಾಠಶುದ್ಧಿಯ ಅಗತ್ಯವನ್ನು ಹೇಳಿದ ಮಾತು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇನ್ನೊಂದು ಸಂಗತಿ ಕನ್ನಡಿಗರಾದ ನಮಗೆ ಹತ್ತಿರದ್ದು. ಗುರುಗಳಿಂದ ಬೀಳ್ಕೊಂಡ ಪುಷ್ಪದಂತರು ವನವಾಸಿ ದೇಶಕ್ಕೆ, ಎಂದರೆ ನಮ್ಮ ಬನವಾಸಿಯ ಸೀಮೆಗೆ ಬಂದರು. ಷಟ್ಖಂಡಾಗಮದ ಮೊದಲ ಭಾಗವಾದ ಸತ್ಪ್ರರೂಪಣೆಯ 177 ಸೂತ್ರಗಳನ್ನು ಅವರು ರಚಿಸಿದ್ದು ಇಲ್ಲಿಯೇ. ಅವನ್ನು ಶಿಷ್ಯನಾದ ಜಿನಪಾಲಿತನ ಕೈಯಲ್ಲಿ ತಮಿಳು ದೇಶದಲ್ಲಿದ್ದ ಭೂತಬಲಿಗಳಿಗೆ ಕಳುಹಿಸಿದರು. ಪುಷ್ಪದಂತರ ಆಯುಷ್ಯ ಹೆಚ್ಚಿಲ್ಲವೆಂದು ಅರಿತ ಭೂತಬಲಿಗಳು ಉಳಿದುದನ್ನೆಲ್ಲ ತಾವೇ ರಚಿಸಿ, ಪುಸ್ತಕದಲ್ಲಿ ಬರೆಯಿಸಿ, ಜ್ಯೇಷ್ಠ ಶುದ್ಧ ಪಂಚಮಿಯಂದು ಸಂಘ ಸಮೇತರಾಗಿ ಅದಕ್ಕೆ ಪೂಜೆ ಸಲ್ಲಿಸಿದರೆಂದು ಪರಂಪರೆ ಹೇಳುತ್ತದೆ. ಆ ದಿನವೇ ಶ್ರುತಪಂಚಮಿ. ಬಾಯಿಯಿಂದ ಕಿವಿಗೆ ಬರುತ್ತಿದ್ದ ಜ್ಞಾನ ಬರಹಕ್ಕೆ ಇಳಿದ ದಿನವನ್ನು ಹಬ್ಬವಾಗಿ ಆಚರಿಸುವ ಸಮುದಾಯ ಇದು ಎಂಬುದನ್ನು ಮರೆಯಬೇಡಿ.

ಇನ್ನು ಓಲೆಗಳ ಕಡೆಗೆ ಬರುತ್ತೇನೆ. ಮೂಡುಬಿದಿರೆಯಲ್ಲಿ ಧವಲೆಯ ಮೂರು ತಾಳೆಗರಿ ಪ್ರತಿಗಳಿವೆ. ಅವುಗಳಲ್ಲಿ ಮುಖ್ಯವಾದುದು ಹನ್ನೆರಡನೆಯ ಶತಮಾನದ ಆರಂಭದ್ದು. ಎಂದರೆ ಹೊಯ್ಸಳ ವಿಷ್ಣುವರ್ಧನನ ಕಾಲದ್ದು. ದೇಮಿಯಕ್ಕ ಎಂಬ ಶ್ರಾವಿಕೆ ಶ್ರುತಪಂಚಮಿಯ ನೋಂಪಿಯನ್ನು, ಎಂದರೆ ವ್ರತವನ್ನು ಮುಗಿಸಿ, ಅದರ ಉದ್ಯಾಪನೆಗೆಂದು ಧವಲೆಯನ್ನು ಪ್ರತಿ ಮಾಡಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ದಾನ ಕೊಟ್ಟಳು. ಇವರು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಗುರುಗಳು; 1123ರಲ್ಲಿ ಅವರು ಸಮಾಧಿ ಹೊಂದಿದ್ದನ್ನು ಶ್ರವಣಬೆಳಗೊಳದ ಶಾಸನ ದಾಖಲಿಸಿದೆ. ಮಹಾಬಂಧದ ಪ್ರತಿಯ ಕೊನೆಯಲ್ಲಿಯೂ ಅಂಥದೇ ಒಂದು ಹೆಸರಿದೆ: ಮಲ್ಲಿಕಬ್ಬೆ. ಅವಳೂ ಪಂಚಮಿಯ ನೋಂಪಿಯ ಉದ್ಯಾಪನೆಗಾಗಿಯೇ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಕರ್ಮಸಿದ್ಧಾಂತದ ಅತ್ಯಂತ ಕಠಿಣವಾದ ಈ ಗ್ರಂಥಗಳು ನಮಗೆ ಉಳಿದಿರುವುದು ಇಬ್ಬರು ಗೃಹಿಣಿಯರ ವ್ರತದಿಂದ. ಅವರಿಗಿಂತ ಒಂದು ಶತಮಾನಕ್ಕೂ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು ನಿಮಗೆಲ್ಲ ಗೊತ್ತು. ಗ್ರಂಥವನ್ನು ಜನರ ಬಳಿಗೆ ಒಯ್ಯುವ ಕೆಲಸಕ್ಕೆ ಇಂದು ನಾವು ಬೇರೆ ಬೇರೆ ಹೆಸರುಗಳನ್ನು ಕೊಡುತ್ತೇವೆ. ಅವರು ಅದನ್ನು ಶಾಸ್ತ್ರದಾನ ಎಂದರು, ಆಹಾರ, ಔಷಧ, ಅಭಯಗಳ ಸಾಲಿನಲ್ಲಿಯೇ ಅದನ್ನೂ ಇಟ್ಟರು.

ಓಲೆಯನ್ನು ಹತ್ತಿರದಿಂದ ನೋಡೋಣ. ನಾವು ಸಾಮಾನ್ಯವಾಗಿ ಕಾಣುವ ಓಲೆಗಳಲ್ಲಿ ಅಕ್ಷರಗಳನ್ನು ಕಂಠ ಎಂಬ ಚೂಪಾದ ಲೋಹದ ಕಡ್ಡಿಯಿಂದ ಕೊರೆದಿರುತ್ತಾರೆ, ಆಮೇಲೆ ಮಸಿಯನ್ನು ಸವರಿ ಒರೆಸುತ್ತಾರೆ, ಗೀರುಗಳಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಧವಲೆಯ ಓಲೆಗಳು ಶ್ರೀತಾಳ ಎಂಬ ಜಾತಿಯ ತಾಳೆಮರದವು. ಶ್ರೀತಾಳದ ಗರಿ ಅಗಲ, ತೆಳುವು, ಮೃದು. ಅದರ ಮೇಲೆ ಲೇಖನಿಯಿಂದ ಮಸಿಯಲ್ಲಿ ಬರೆಯಬಹುದು. ಹೊಯ್ಸಳರ ಕಾಲದ ಶಾಸನಗಳ ದುಂಡಾದ ಅಕ್ಷರಗಳನ್ನು ಕಲ್ಲಿನಲ್ಲಿ ಕಂಡವರಿಗೆ, ಅದೇ ಅಕ್ಷರ ಮಸಿಯಲ್ಲಿ ಹರಿದಾಗ ಎಷ್ಟು ಸಲೀಸಾಗಿ ತಿರುಗುತ್ತದೆ ಎಂಬುದನ್ನು ಇಲ್ಲಿ ನೋಡಿ ಆಶ್ಚರ್ಯವಾಗುತ್ತದೆ. ಕೆಲವು ಓಲೆಗಳಲ್ಲಿ ಬರಹದ ನಡುವೆಯೂ ಅಂಚುಗಳಲ್ಲಿಯೂ ಬಣ್ಣದ ಚಿತ್ರಗಳಿವೆ. ಹೆಡೆಯ ಕೆಳಗಿನ ಪಾರ್ಶ್ವನಾಥ, ಬಳ್ಳಿ ಸುತ್ತಿದ ಬಾಹುಬಲಿ, ಮಕ್ಕಳೊಂದಿಗೆ ಮಾವಿನ ಮರದಡಿಯ ಅಂಬಿಕೆ, ಶ್ರುತದೇವಿ, ಯಕ್ಷರು, ಭಕ್ತರು. ಬೇಲೂರು ಹಳೇಬೀಡಿನ ಶಿಲ್ಪವನ್ನು ಕುರಿತು ಇಷ್ಟೊಂದು ಮಾತನಾಡುವ ನಮಗೆ ಹೊಯ್ಸಳರ ಕಾಲದ ಚಿತ್ರಕಲೆ ಹೇಗಿತ್ತು ಎಂದು ಯಾರಾದರೂ ಕೇಳಿದರೆ ತೋರಿಸಲು ಉಳಿದಿರುವ ಮುಖ್ಯ ಆಧಾರ ಈ ಕೆಲವು ಓಲೆಗಳೇ. ಬೆರಳಗಲದ ಜಾಗದಲ್ಲಿ ಬಿಡಿಸಿದ ಮುಖಗಳವು.

ಹಾಗೆ ಬರೆದವನ ಶ್ರಮವನ್ನು ಹೇಳುವ ಹಳೆಯ ಶ್ಲೋಕವೊಂದು ಬಹಳಷ್ಟು ಹಸ್ತಪ್ರತಿಗಳ ಕೊನೆಯಲ್ಲಿ ಸಿಗುತ್ತದೆ. ‘ಭಗ್ನಪೃಷ್ಠಕಟಿಗ್ರೀವಃ ಸ್ತಬ್ಧದೃಷ್ಟಿರಧೋಮುಖಃ, ಕಷ್ಟೇನ ಲಿಖಿತಂ ಗ್ರಂಥಂ ಯತ್ನೇನ ಪರಿಪಾಲಯೇತ್.’ ಬೆನ್ನು, ಸೊಂಟ, ಕುತ್ತಿಗೆ ಮುರಿದು, ಕಣ್ಣು ನೆಟ್ಟು, ತಲೆ ತಗ್ಗಿಸಿ ಕಷ್ಟದಿಂದ ಬರೆದ ಗ್ರಂಥ ಇದು, ಪ್ರಯತ್ನಪಟ್ಟು ಕಾಪಾಡಿ ಎಂದು ಲಿಪಿಕಾರ ಕೇಳಿಕೊಳ್ಳುತ್ತಾನೆ. ಇನ್ನೊಂದು ಶ್ಲೋಕದಲ್ಲಿ ಪುಸ್ತಕವೇ ಮಾತನಾಡುತ್ತದೆ: ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲವಾದ ಕಟ್ಟಿನಿಂದ ಕಾಪಾಡು, ತಿಳಿಯದವನ ಕೈಗೆ ಕೊಡಬೇಡ. ನಾಲ್ಕನೆಯ ಮಾತನ್ನೇ ಹಿಡಿದುಕೊಂಡು ಗ್ರಂಥಭಂಡಾರಗಳ ಬಾಗಿಲನ್ನು ಮುಚ್ಚಿದ ಕಾಲವೂ ಬಂದಿತು. ತಿಳಿಯದವನ ಕೈಗೆ ಕೊಡಬೇಡ ಎಂದರೆ ತಿಳಿದವರನ್ನು ತಯಾರು ಮಾಡು ಎಂಬ ಅರ್ಥವೂ ಅದರಲ್ಲಿದೆ ಎಂದು ನಾನು ಓದಿಕೊಳ್ಳುತ್ತೇನೆ.

ಬಾಗಿಲು ಏಕೆ ಮುಚ್ಚಿತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಸಿದ್ಧಾಂತ ಗ್ರಂಥಗಳ ಅಧ್ಯಯನಕ್ಕೆ ಗೃಹಸ್ಥರಿಗೆ ಅಧಿಕಾರವಿಲ್ಲ ಎಂಬ ಅಭಿಪ್ರಾಯ ಆಗ ಬಲವಾಗಿತ್ತು. ಜೊತೆಗೆ, ಧವಲೆ ಮತ್ತು ಜಯಧವಲೆಗಳ ಹಳೆಯ ಪ್ರತಿಗಳು ಉಳಿದಿದ್ದುದು ಈ ಒಂದು ಊರಿನಲ್ಲಿ ಮಾತ್ರ; ಕೈತಪ್ಪಿದರೆ ಮತ್ತೆ ಸಿಗುವ ಹಾಗಿರಲಿಲ್ಲ. ಕಾಯುವವರ ಅಂಜಿಕೆ ನಿರಾಧಾರವಾದುದಾಗಿರಲಿಲ್ಲ.

1880ರ ದಶಕದಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆ ಬಂದು ಓಲೆಗಳ ದರ್ಶನ ಪಡೆದರು. ಓಲೆಗಳು ಜೀರ್ಣವಾಗುತ್ತಿವೆ, ಓದಬಲ್ಲವರೂ ವಿರಳವಾಗುತ್ತಿದ್ದಾರೆ ಎಂಬುದನ್ನು ಕಂಡು ಅವರು ಸೊಲ್ಲಾಪುರದ ಹೀರಾಚಂದ ನೇಮಚಂದರಿಗೆ ತಿಳಿಸಿದರು. ಇಬ್ಬರೂ ಸೇರಿ ಹಣ ಕೂಡಿಸಿ, ಮಠದವರನ್ನು ಒಪ್ಪಿಸಿ, ಪ್ರತಿ ಮಾಡಿಸುವ ಏರ್ಪಾಟು ಮಾಡಿದರು. 1896ರ ಸುಮಾರಿಗೆ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ನಾಗರಿ ಲಿಪಿಯಲ್ಲಿ ಬರೆಯತೊಡಗಿದರು. ಜೊತೆಗೇ ಹೊಸಗನ್ನಡ ಲಿಪಿಯ ಪ್ರತಿಯೂ ತಯಾರಾಯಿತು. ಕೊನೆಯ ಹಂತದಲ್ಲಿ ಮಹಾಬಂಧವನ್ನು ನಾಗರಿಗೆ ಇಳಿಸಿದವರು ಮೂಡುಬಿದಿರೆಯ ಪಂಡಿತ ಲೋಕನಾಥ ಶಾಸ್ತ್ರಿಗಳು. ಎಲ್ಲವೂ ಮುಗಿದಾಗ 1922 ಆಗಿತ್ತು. ಒಂದು ಪೀಳಿಗೆಯ ಕಾಲ ನಡೆದ ಬರವಣಿಗೆ ಅದು. ಹಳೆಗನ್ನಡ ಲಿಪಿಯ ಪ್ರಾಕೃತವನ್ನು ಮಸುಕಾದ ಓಲೆಯಿಂದ ದಿನಕ್ಕೆ ಎಷ್ಟು ಸಾಲು ಬಿಡಿಸಿ ಓದಲಾದೀತು ಎಂಬುದನ್ನು ಆ ಕೆಲಸ ಮಾಡಿದವರು ಮಾತ್ರ ಬಲ್ಲರು. ಆದರೆ ಹೀಗೆ ಸಿದ್ಧವಾದ ಪ್ರತಿಗಳೂ ಭಂಡಾರದಲ್ಲಿಯೇ ಉಳಿಯಬೇಕೆಂಬುದು ಕರಾರು.

ಇಲ್ಲಿ ಕಥೆ ಒಂದು ತಿರುವು ಪಡೆಯುತ್ತದೆ. ಗಜಪತಿ ಉಪಾಧ್ಯಾಯರು ಹಗಲು ಭಂಡಾರದ ಕೆಲಸ ಮಾಡುತ್ತಲೇ, ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡರು. ಅದನ್ನು ಮೊದಲು ಒಯ್ದದ್ದು ಸೊಲ್ಲಾಪುರಕ್ಕೆ. ಮಠಕ್ಕೆ ಕೊಟ್ಟ ಮಾತನ್ನು ಮುರಿದಂತಾಗುತ್ತದೆ ಎಂದು ಹೀರಾಚಂದರು ಅದನ್ನು ಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದು ತಮ್ಮ ಜಿನಮಂದಿರದಲ್ಲಿಟ್ಟರು. ಅಲ್ಲಿ ಅದನ್ನು ನಾಗರಿಗೆ ಇಳಿಸಲು ನೇಮಕಗೊಂಡ ಸೀತಾರಾಮ ಶಾಸ್ತ್ರಿಗಳೂ ತಮಗೊಂದು ಪ್ರತಿಯನ್ನು ಇಟ್ಟುಕೊಂಡರು. ಅದರಿಂದ ಆರಾ, ಕಾರಂಜಾ ಮುಂತಾದ ಊರುಗಳಿಗೆ ಪ್ರತಿಗಳು ಹೋದವು. ಮಾಡಿದ್ದು ಸರಿಯೇ ಎಂದು ನೀವು ಕೇಳಬಹುದು. ನಂಬಿಕೆಯಿಂದ ಒಪ್ಪಿಸಿದ ಕೆಲಸದಲ್ಲಿ ಗುಟ್ಟು ನಡೆಸುವುದು ತಪ್ಪು ಎಂದೇ ನಾನು ಹೇಳುತ್ತೇನೆ. ನನ್ನ ಆಕ್ಷೇಪ ನೀತಿಯದು ಮಾತ್ರವಲ್ಲ, ಪಾಠದ್ದೂ ಹೌದು. ಗುಟ್ಟಾಗಿ ಮಾಡಿದ ಪ್ರತಿಯನ್ನು ಮೂಲದ ಮುಂದೆ ಕುಳಿತು ನಿಧಾನವಾಗಿ ಹೋಲಿಸಿ ನೋಡಲಾಗುವುದಿಲ್ಲ. ಪ್ರತಿಯ ಪ್ರತಿ, ಅದರ ಪ್ರತಿ ಎಂದು ಸಾಗಿದಂತೆ ತಪ್ಪುಗಳು ಸೇರುತ್ತಲೇ ಹೋಗುತ್ತವೆ. ಬಾಗಿಲು ಹದವಾಗಿ ತೆರೆಯದಿದ್ದಾಗ ಗ್ರಂಥ ಕಿಟಕಿಯಿಂದ ಹೊರಬಂದಿತು, ಬರುವಾಗ ಒಂದಿಷ್ಟು ಗಾಯಮಾಡಿಕೊಂಡು ಬಂದಿತು.

ಆ ಹೊರಬಂದ ಪ್ರತಿಗಳನ್ನು ಆಧರಿಸಿ ಡಾ. ಹೀರಾಲಾಲ್ ಜೈನ್ ಅವರು ಅಮರಾವತಿಯಿಂದ 1939ರಲ್ಲಿ ಧವಲೆಯ ಮೊದಲ ಸಂಪುಟವನ್ನು ಹಿಂದಿ ಅನುವಾದದೊಂದಿಗೆ ಪ್ರಕಟಿಸಿದರು. ಮುಂದಿನ ಎರಡು ದಶಕಗಳಲ್ಲಿ 16 ಸಂಪುಟಗಳು ಬಂದವು. ನಮ್ಮ ಬೆಳಗಾವಿ ಜಿಲ್ಲೆಯ ಆ. ನೇ. ಉಪಾಧ್ಯೆಯವರೂ ಆ ಕೆಲಸದಲ್ಲಿ ಜೊತೆಗಿದ್ದರು. ಮೊದಲ ಸಂಪುಟ ಹೊರಬಂದದ್ದನ್ನು ಕಂಡ ಮೇಲೆ ಮೂಡುಬಿದಿರೆಯ ಮಠದ ಭಟ್ಟಾರಕರೂ ಬಸದಿಯ ಪಂಚರೂ ಮನಸ್ಸು ತೆರೆದು, ಮುಂದಿನ ಸಂಪುಟಗಳಿಗೆ ಮೂಲ ಓಲೆಗಳೊಂದಿಗೆ ಪಾಠವನ್ನು ಹೋಲಿಸಲು ಅನುಮತಿ ಕೊಟ್ಟರು. ಈ ಅನುಮತಿ ಒಂದು ಸಣ್ಣ ವಿವರದಂತೆ ಕಾಣಬಹುದು. ಅದರಿಂದ ಏನಾಯಿತು ಎಂಬುದನ್ನು ಒಂದೇ ಸೂತ್ರದ ಉದಾಹರಣೆಯಿಂದ ತೋರಿಸುತ್ತೇನೆ.

ಬನವಾಸಿಯ ಸೀಮೆಯಲ್ಲಿ ಪುಷ್ಪದಂತರು ರಚಿಸಿದ 177 ಸೂತ್ರಗಳಲ್ಲಿ 93ನೆಯದು ಅದು. ಆತ್ಮ ಏರುವ ಹದಿನಾಲ್ಕು ಮೆಟ್ಟಿಲುಗಳನ್ನು ಜೈನ ಸಿದ್ಧಾಂತ ಗುಣಸ್ಥಾನಗಳೆನ್ನುತ್ತದೆ. ‘ಮನುಷ್ಯಿಣಿ’ಯರಿಗೆ ಪರ್ಯಾಪ್ತ ಸ್ಥಿತಿಯಲ್ಲಿ, ಎಂದರೆ ದೇಹ, ಇಂದ್ರಿಯ ಮೊದಲಾದ ಶಕ್ತಿಗಳು ಪೂರ್ಣವಾದ ಸ್ಥಿತಿಯಲ್ಲಿ, ಯಾವ ಗುಣಸ್ಥಾನಗಳು ಇರುತ್ತವೆ ಎಂಬುದು ಈ ಸೂತ್ರದ ವಿಷಯ. ಸಿಕ್ಕಿದ್ದ ಪ್ರತಿಗಳಲ್ಲಿ ಸೂತ್ರವು ಮೂರನೆಯ, ನಾಲ್ಕನೆಯ ಮತ್ತು ಐದನೆಯ ಮೆಟ್ಟಿಲುಗಳನ್ನು ಹೆಸರಿಸಿ ನಿಂತುಬಿಡುತ್ತಿತ್ತು. ಐದನೆಯದಕ್ಕೆ ‘ಸಂಜದಾಸಂಜದ’ ಎಂದು ಹೆಸರು. ಭಾಗಶಃ ಸಂಯಮವುಳ್ಳ ಸ್ಥಿತಿ ಎಂದರ್ಥ. ಆರನೆಯದರಿಂದ ಮೇಲಿನ ಸ್ಥಿತಿಗಳನ್ನು ಸೂಚಿಸುವ ಪದ ‘ಸಂಜದ’. ಪ್ರತಿಗಳಲ್ಲಿ ಆ ಪದವಿರಲಿಲ್ಲ. ಆದರೆ ಸೂತ್ರದ ಕೆಳಗೆ ವೀರಸೇನರ ಟೀಕೆ ಹದಿನಾಲ್ಕೂ ಗುಣಸ್ಥಾನಗಳನ್ನು ಒಪ್ಪಿಕೊಂಡೇ ಚರ್ಚೆ ನಡೆಸುತ್ತದೆ. ಇದನ್ನು ಗಮನಿಸಿದ ಸಂಪಾದಕರು ಸೂತ್ರವನ್ನು ಇದ್ದಂತೆಯೇ ಮುದ್ರಿಸಿ, ಇಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋದಂತೆ ತೋರುತ್ತದೆ ಎಂದು ಅಡಿಟಿಪ್ಪಣಿಯಲ್ಲಿ ಹೇಳಿದರು.

ಆ ಒಂದು ಅಡಿಟಿಪ್ಪಣಿಗೆ ದೊಡ್ಡ ವಾದವೇ ಎದ್ದಿತು. ಸ್ತ್ರೀಯರಿಗೆ ಮೋಕ್ಷದ ಅರ್ಹತೆ ಇದೆಯೇ ಎಂಬುದು ದಿಗಂಬರರಿಗೂ ಶ್ವೇತಾಂಬರರಿಗೂ ನಡುವೆ ಶತಮಾನಗಳಿಂದ ನಡೆದುಬಂದ ಚರ್ಚೆ. ಸೂತ್ರದಲ್ಲಿನ ‘ಮನುಷ್ಯಿಣಿ’ ದೇಹದಿಂದ ಹೆಣ್ಣೋ ಭಾವದಿಂದ ಮಾತ್ರ ಹೆಣ್ಣೋ ಎಂಬ ಪ್ರಶ್ನೆಯನ್ನು ಹಿಡಿದು ಪಂಡಿತರು ವರ್ಷಗಟ್ಟಲೆ ಲೇಖನಗಳನ್ನು ಬರೆದರು. ಸಂಪಾದಕರ ಉದ್ದೇಶವನ್ನೇ ಶಂಕಿಸಿದವರಿದ್ದರು. ಕೊನೆಗೆ ಮೂಡುಬಿದಿರೆಯ ಓಲೆಗಳನ್ನು ತೆರೆದು ನೋಡಿದಾಗ ‘ಸಂಜದ’ ಅಲ್ಲಿತ್ತು. ಅದರ ಅರ್ಥ ಏನೆಂಬ ಚರ್ಚೆ ಮುಂದುವರಿಯಿತು, ಮುಂದುವರಿಯಬೇಕಾದದ್ದೇ. ಆದರೆ ಪದ ಇದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದ್ದು ಓಲೆ. ಪದ ಹೇಗೆ ಬಿಟ್ಟುಹೋಗಿರಬಹುದು ಎಂಬುದನ್ನು ಸೂತ್ರದ ಆ ಭಾಗವನ್ನು ಗಟ್ಟಿಯಾಗಿ ಓದಿ ನೀವೇ ಊಹಿಸಬಹುದು: ‘ಸಂಜದಾಸಂಜದ-ಸಂಜದಟ್ಠಾಣೇ’. ಒಂದರ ಹಿಂದೆ ಒಂದರಂತೆ ಮೂರು ಸಲ ‘ಸಂಜದ’ ಬರುತ್ತದೆ. ಪ್ರತಿ ಮಾಡುವವನ ಕಣ್ಣು ಎರಡನೆಯದರಿಂದ ಮೂರನೆಯದಕ್ಕೆ ಜಾರಿದರೆ ಸಾಕು. ಒಂದು ಕ್ಷಣದ ಕಣ್ಜಾರಿನಿಂದ ಗ್ರಂಥಕ್ಕೆ ಒಂದು ಕಣ್ಣು ಹೋಗಿತ್ತು. ಧರಸೇನರು ಇಟ್ಟ ಪರೀಕ್ಷೆಯನ್ನು ನೆನಪಿಸಿಕೊಳ್ಳಿ.

ಹೀಗಾಗಿ ನಾನು ಹೇಳುವುದಿಷ್ಟೇ: ಮೂಲವನ್ನು ಕಾಪಾಡಿದವರಿಲ್ಲದೆ ಆ ಪದ ನಮಗೆ ಸಿಗುತ್ತಿರಲಿಲ್ಲ, ಅಚ್ಚಾದ ಪುಸ್ತಕವನ್ನು ಓದಿ ಸಂದೇಹಪಟ್ಟವರಿಲ್ಲದೆ ಅದನ್ನು ಓಲೆಯಲ್ಲಿ ಹುಡುಕಬೇಕೆಂದೂ ಯಾರಿಗೂ ತೋಚುತ್ತಿರಲಿಲ್ಲ.

ಓದು ತೆರೆದುಕೊಂಡಾಗ ಬರುವವರು ನಾವು ನಿರೀಕ್ಷಿಸಿದ ಓದುಗರೇ ಆಗಿರಬೇಕಿಲ್ಲ. ಧವಲೆಯ ನಾಲ್ಕನೆಯ ಸಂಪುಟ 1942ರಲ್ಲಿ ಬಂದಾಗ ಅದರಲ್ಲಿ ಲಖನೌ ವಿಶ್ವವಿದ್ಯಾನಿಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಗ್ ಅವರ ಲೇಖನವೊಂದಿತ್ತು. ಜೀವಗಳನ್ನೂ ಲೋಕದ ಅಳತೆಗಳನ್ನೂ ಎಣಿಸುವಾಗ ವೀರಸೇನರು ‘ಅರ್ಧಚ್ಛೇದ’ ಎಂಬ ಪರಿಕಲ್ಪನೆಯನ್ನು ಬಳಸುತ್ತಾರೆ. 32 ಎಂಬ ಸಂಖ್ಯೆಯನ್ನು ಅರ್ಧ ಮಾಡುತ್ತಾ ಹೋಗಿ: 16, 8, 4, 2, 1. ಐದು ಸಲ ಅರ್ಧ ಮಾಡಿದ್ದರಿಂದ 32ರ ಅರ್ಧಚ್ಛೇದ 5. ಮೂರು ಮೂರು ಪಾಲು ಮಾಡುತ್ತಾ ಹೋದರೆ ಅದು ತ್ರಿಕಚ್ಛೇದ. 81ಕ್ಕೆ ಅದು 4. ಶಾಲೆಯಲ್ಲಿ ನೀವು ಲಾಗರಿದಮ್ ಎಂದು ಕಲಿತದ್ದು ಇದನ್ನೇ. 2 ಮತ್ತು 3ನ್ನು ಆಧಾರವಾಗಿ ಇಟ್ಟುಕೊಂಡದ್ದು. ಒಂಬತ್ತನೆಯ ಶತಮಾನದ ಒಂದು ಆಗಮಟೀಕೆಯಲ್ಲಿ ಇದರ ನಿಯಮಗಳೂ ಇವೆ. ದರ್ಶನಕ್ಕೆ ನಿಂತ ಸಾಲಿನಲ್ಲಿ ಇದು ಯಾರಿಗೂ ಕಾಣಿಸುವ ಹಾಗಿರಲಿಲ್ಲ.

ವೀರಸೇನರ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಇದು ಸ್ವಲ್ಪ ಪಕ್ಕದ ಮಾತು. ಎರಡು ಪರಂಪರೆಗಳು ಎರಡು ರೀತಿ ಹೇಳಿದಾಗ ಅವರು ಎರಡನ್ನೂ ದಾಖಲಿಸುತ್ತಾರೆ. ಮಹಾವೀರಸ್ವಾಮಿಯ ಆಯುಷ್ಯದ ಲೆಕ್ಕದಲ್ಲಿ ಭಿನ್ನಾಭಿಪ್ರಾಯ ಬಂದಾಗ, ಈ ವಿಷಯದಲ್ಲಿ ತಮಗೆ ಗುರುಗಳ ಉಪದೇಶ ದೊರೆತಿಲ್ಲವಾದ್ದರಿಂದ ಏಲಾಚಾರ್ಯರ ಶಿಷ್ಯನಾದ ತಾವು ನಾಲಗೆ ಆಡಿಸುವುದಿಲ್ಲ ಎನ್ನುತ್ತಾರೆ. ಇಷ್ಟು ದೊಡ್ಡ ವಿದ್ವಾಂಸರ ಈ ಸಂಯಮವನ್ನು ಓದಿದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಇನ್ನು ಇವತ್ತಿನ ವಿಚಾರ. ಭಂಡಾರವನ್ನು ಜನರಿಗೆ ತೆರೆಯುವುದೆಂದರೆ ಎಲ್ಲರ ಕೈಗೂ ಓಲೆಯನ್ನು ಕೊಡುವುದು ಎಂದು ಯಾರೂ ಹೇಳುತ್ತಿಲ್ಲ. ಮೊದಲ ಕೆಲಸ ಸೂಚಿ. ಇರುವುದೇ ಗೊತ್ತಿಲ್ಲದ ಗ್ರಂಥವನ್ನು ಯಾರು ಕೇಳಿಯಾರು? ಮೂಡುಬಿದಿರೆಯ ಕೆ. ಭುಜಬಲಿ ಶಾಸ್ತ್ರಿಗಳು ಅಲ್ಲಿಯ, ಕಾರ್ಕಳದ ಮತ್ತು ಸುತ್ತಲಿನ ಭಂಡಾರಗಳ ಓಲೆಗಳನ್ನು ಒಂದೊಂದಾಗಿ ನೋಡಿ ಸಿದ್ಧಪಡಿಸಿದ ತಾಡಪತ್ರ ಗ್ರಂಥಸೂಚಿ 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಆಗಮಗಳ ಜೊತೆಗೆ ಕಾವ್ಯ, ವ್ಯಾಕರಣ, ವೈದ್ಯ, ಜ್ಯೋತಿಷ, ಗಣಿತ ಎಲ್ಲವೂ ಬಸದಿಗಳ ಪೆಟ್ಟಿಗೆಗಳಲ್ಲಿದ್ದವು ಎಂಬುದು ಹೊರಗಿನವರಿಗೆ ತಿಳಿದದ್ದು ಆಗ. ಸೂಚಿ ಓದಲು ಬೇಸರದ ಪುಸ್ತಕ ಎನ್ನುತ್ತಾರೆ. ನನಗೆ ಅದು ಮನೆಬಾಗಿಲಲ್ಲಿ ನಿಂತು ಒಳಗೆ ಬನ್ನಿ ಎಂದು ಕರೆಯುವವರ ದನಿಯಂತೆ ಕೇಳುತ್ತದೆ.

ಸೂಚಿಯ ನಂತರದ್ದು ಛಾಯಾಪ್ರತಿ. ಕೇಂದ್ರ ಸರಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರ ಮುಂಗಡಪತ್ರದಲ್ಲಿ ಜ್ಞಾನಭಾರತಂ ಎಂಬ ಹೆಸರಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಯ ಯೋಜನೆಯನ್ನು ಘೋಷಿಸಿತು. ಒಳ್ಳೆಯ ಕೆಲಸ, ಆಗಲೇಬೇಕಾದ ಕೆಲಸ. ಆದರೆ ಓಲೆಯ ಚಿತ್ರ ತೆಗೆದ ಮಾತ್ರಕ್ಕೆ ಓದು ಬರುವುದಿಲ್ಲ. ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದ ಓಲೆಯನ್ನು ಓದಲಾರದವನು ಪರದೆಯ ಮೇಲಿನ ಓಲೆಯನ್ನೂ ಓದಲಾರ. ಹನ್ನೆರಡನೆಯ ಶತಮಾನದ ಕನ್ನಡ ಲಿಪಿಯನ್ನು ಗುರುತಿಸಬಲ್ಲ, ಪ್ರಾಕೃತವನ್ನೂ ಅಷ್ಟಿಷ್ಟು ಬಲ್ಲ ತರುಣರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಗ್ರಂಥಭಂಡಾರವೊಂದು ಜನರಿಗಾಗಿ ಮಾಡಬಹುದಾದ ಅತ್ಯುತ್ತಮ ಕೆಲಸ ಯಾವುದೆಂದು ನನ್ನನ್ನು ಕೇಳಿದರೆ, ಬೇಸಿಗೆ ರಜೆಯಲ್ಲಿ ಹದಿನೈದು ದಿನ ಲಿಪಿ ಕಲಿಸಿ ಎನ್ನುತ್ತೇನೆ. ಕನ್ನಡ ಬಲ್ಲ ಯಾವ ಹುಡುಗ, ಹುಡುಗಿಯಾದರೂ ಅಷ್ಟರಲ್ಲಿ ಓಲೆಯ ಒಂದು ಸಾಲನ್ನು ಕೂಡಿಸಿ ಓದುವ ಮಟ್ಟಕ್ಕೆ ಬರುತ್ತಾರೆ. ಇದು ನಾನು ಕಲಿಸಿ ಕಂಡ ಮಾತು.

ಕನ್ನಡ ಲಿಪಿಯಲ್ಲಿ ಉಳಿದು ಬಂದ ಗ್ರಂಥ ಅಚ್ಚಾದದ್ದು ನಾಗರಿಯಲ್ಲಿ, ಮೊದಲು ಅನುವಾದಗೊಂಡದ್ದು ಹಿಂದಿಗೆ. ಓಲೆಯನ್ನು ಕಾದ ನಾಡಿನ ಜನ ತಮ್ಮ ಭಾಷೆಯಲ್ಲಿ ಅದನ್ನು ಓದಲು ಬಹಳ ಕಾಲ ಕಾಯಬೇಕಾಯಿತು. ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಸಂಸ್ಥೆ ಧವಲೆಯ ಕನ್ನಡ ಅನುವಾದವನ್ನು ಕೈಗೆತ್ತಿಕೊಂಡದ್ದರಿಂದ ಆ ಕೊರತೆ ನೀಗುತ್ತಿದೆ. ಆ ಸಂಪುಟಗಳು ನಿಮ್ಮ ಊರಿನ ಗ್ರಂಥಾಲಯದಲ್ಲಿ ಇವೆಯೇ ಎಂದು ಒಮ್ಮೆ ಕೇಳಿ. ಕೇಳುವವರಿದ್ದರೆ ತರಿಸುತ್ತಾರೆ.

ನಿಮ್ಮ ಮನೆಗಳಲ್ಲಿಯೂ ಓಲೆಯ ಕಟ್ಟುಗಳಿರಬಹುದು. ಅಟ್ಟದ ಮೇಲಿನ ಕಟ್ಟನ್ನು ಟವೆಲಿನಲ್ಲಿ ಸುತ್ತಿ ತಂದ ಹಿರಿಯರೊಬ್ಬರು, ಓಲೆಗಳು ಒಣಗಿದ್ದವೆಂದು ತಾವೇ ತೆಂಗಿನೆಣ್ಣೆ ಹಚ್ಚಿದ್ದಾಗಿ ನನಗೆ ಹೇಳಿದರು. ಧೂಳು ಎಣ್ಣೆಯಲ್ಲಿ ಕಲಸಿ ಓಲೆಗಳು ಒಂದಕ್ಕೊಂದು ಅಂಟಿಹೋಗಿದ್ದವು. ಅವುಗಳನ್ನು ಬಿಡಿಸಲು ನಮಗೆ ತಿಂಗಳುಗಳು ಹಿಡಿದವು, ಕೆಲವು ಬಿಡಲೇ ಇಲ್ಲ. ಆ ಶ್ಲೋಕದಲ್ಲಿ ಪುಸ್ತಕ ಮೊದಲು ಕೇಳಿಕೊಳ್ಳುವುದೇ ಎಣ್ಣೆಯಿಂದ ಕಾಪಾಡು ಎಂದು. ತಿಳಿದವರು ನಿಂಬೆಹುಲ್ಲಿನ ಎಣ್ಣೆಯನ್ನು ಬಳಸುತ್ತಾರೆ ನಿಜ, ಆದರೆ ಅದು ಬೇಗ ಆರಿಹೋಗುವ ಎಣ್ಣೆ, ಅದಕ್ಕೂ ಅಳತೆಯಿದೆ, ಮಸಿಯ ಬರಹದ ಓಲೆಗೆ ಅದನ್ನೂ ಮುಟ್ಟಿಸುವಂತಿಲ್ಲ. ಆದ್ದರಿಂದ ಕಟ್ಟು ಸಿಕ್ಕರೆ ದಾರವನ್ನು ಬಿಚ್ಚಬೇಡಿ, ಓಲೆಗಳ ಕ್ರಮವನ್ನು ಕದಲಿಸಬೇಡಿ, ಮುರಿದ ಚೂರುಗಳಿಗೆ ಅಂಟುಪಟ್ಟಿ ಹಚ್ಚಬೇಡಿ, ಚೂರುಗಳನ್ನೂ ಎಸೆಯಬೇಡಿ. ಶುದ್ಧವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ತಿಳಿದವರಿಗೆ ತೋರಿಸಿ. ದಾನ ಕೊಡಲೇಬೇಕೆಂದಿಲ್ಲ. ಚಿತ್ರ ತೆಗೆಯಲು ಬಿಟ್ಟು ಮತ್ತೆ ಮನೆಗೆ ಒಯ್ಯಬಹುದು.

ಕಳೆದ ಶ್ರುತಪಂಚಮಿಯಂದು ಒಂದು ಸಣ್ಣ ಬಸದಿಗೆ ಹೋಗಿದ್ದೆ. ಗ್ರಂಥಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಕಟ್ಟಿ, ಪೀಠದ ಮೇಲಿಟ್ಟು ಪೂಜೆ ಮಾಡಿದ್ದರು. ಪೂಜೆ ಮುಗಿದ ಮೇಲೆ ಲಿಪಿ ತರಗತಿಯ ಮಕ್ಕಳು ಹಳೆಗನ್ನಡ ಪುರಾಣವೊಂದರ ಓಲೆಯ ದೊಡ್ಡ ಛಾಯಾಚಿತ್ರವನ್ನು ಗೋಡೆಗೆ ತೂಗುಹಾಕಿ, ಸಾಲಿಗೊಬ್ಬರಂತೆ ಗಟ್ಟಿಯಾಗಿ ಓದತೊಡಗಿದರು. ಒಬ್ಬ ಹುಡುಗ ೞಕಾರವಿದ್ದಲ್ಲಿ ಳಕಾರವೆಂದು ಓದಿದ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು ಅಲ್ಲಿಂದಲೇ ತಿದ್ದಿದರು. ಹುಡುಗ ಚಿತ್ರದ ಹತ್ತಿರ ಹೋಗಿ ಬೆರಳಿಟ್ಟು ಅಕ್ಷರದ ಸುಳಿಯನ್ನು ನೋಡಿದ, ಹೌದೆಂದು ತಲೆಯಾಡಿಸಿದ, ಸಾಲಿನ ಮೊದಲಿನಿಂದ ಮತ್ತೆ ಓದಿದ.